ಬಸ್ಸು ನಡೆದ ಹೆಜ್ಜೆಗಳು

"ಹದಿನಾಲ್ಕು ಸಾವಿರದ ಮುನ್ನೂರ ಹನ್ನೊಂದು," ಪೀಪಿ ಗಟ್ಟಿಯಾಗಿ ಓದಿದಳು.

ಅಪ್ಪ ಎರಡೂ ಕೈ ಮೇಲೆತ್ತಿ, ಓಟದ ಪಂದ್ಯ ಗೆದ್ದವನ ಹಾಗೆ ಅಡುಗೆಮನೆಯಲ್ಲಿ ಒಂದು ಸುತ್ತು ಬಂದ. ಅಡುಗೆಮನೆ ಅಷ್ಟೇನೂ ದೊಡ್ಡದಲ್ಲ. ಸುತ್ತು ಐದು ಹೆಜ್ಜೆಗೇ ಮುಗಿದು, ಫ್ರಿಜ್ಜಿನ ಮುಂದೆ ಬಂದು ನಿಂತಿತು. ಬೆಣ್ಣೆ ಡಬ್ಬಿ ಹೊರಗೆ ಬಂತು.

ನಡೆದವನಿಗೆ ಹಸಿವು ಜಾಸ್ತಿ ಎಂದು ಹೇಳುತ್ತಾ ಅಪ್ಪ ಬನ್ನನ್ನು ಎರಡು ಹೋಳು ಮಾಡಿದ. ಗೋಡೆಗೆ ಗಾರೆ ಮೆತ್ತುವವನ ಹಾಗೆ ಬೆಣ್ಣೆ ಮೆತ್ತಿದ.

ಅಮ್ಮ ಬಾಗಿಲ ಬಳಿ ಕೂತು ಅಪ್ಪನ ಬೂಟಿಗೆ ಪಾಲಿಶ್ ಹಾಕುತ್ತಿದ್ದಳು. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜಿನ ಮೇಲೆ ಕೂದಲೆಳೆಯಷ್ಟು ಗೀರು ಇದ್ದರೂ ಅವಳ ಕಣ್ಣಿಗೆ ಬೀಳುತ್ತದೆ. ಬೂಟನ್ನು ಬೋರಲು ಹಾಕಿ ಅಟ್ಟೆ ನೋಡಿದಳು.

"ದಿನಕ್ಕೆ ಹದಿನಾಲ್ಕು ಸಾವಿರ ಹೆಜ್ಜೆ ಹಾಕಿದ ಬೂಟು ಹೀಗಿರುತ್ತೇನ್ರೀ? ಅಟ್ಟೆ ಸವೆಯೋದಿರಲಿ, ಅಂಗಡಿಯ ಸ್ಟಿಕರ್ ಕೂಡ ಹೋಗಿಲ್ಲ."

"ನಾನು ಹೂವಿನ ಮೇಲೆ ನಡೆದ ಹಾಗೆ ನಡೀತೀನಿ," ಎಂದ ಅಪ್ಪ, ಬಾಯಿ ತುಂಬಾ ಬನ್ನು ಇಟ್ಟುಕೊಂಡು.

ಪೀಪಿ ನಗುತ್ತಾ ಆ ದಿನದ ಸಂಖ್ಯೆಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಅವಳು ಹುಟ್ಟಿದಾಗ ಅತ್ತ ಅಳು ಕೇಳಿ, ಇದು ಮಗುವಲ್ಲ, ಪೀಪಿ ಎಂದಿದ್ದನಂತೆ ಅಪ್ಪ. ಅಂದಿನಿಂದ ಆ ಹೆಸರೇ ನಿಂತಿತು. ಈಗ ಅವಳಿಗೆ ಹತ್ತು ವರ್ಷ. ಅಪ್ಪನ ಸೊಂಟದ ಬೆಲ್ಟಿಗೆ ಬೆಳಿಗ್ಗೆ ಕೌಂಟರ್ ಸಿಕ್ಕಿಸುವುದೂ, ಸಂಜೆ ಬಿಚ್ಚಿ ಓದುವುದೂ ಅವಳದೇ ಕೆಲಸ. ಕೌಂಟರ್ ಎಂದರೆ ಬೆಂಕಿಪೊಟ್ಟಣದಷ್ಟು ಪುಟ್ಟ ಯಂತ್ರ. ಹೆಜ್ಜೆ ಹಾಕಿದಾಗ ಆಗುವ ಅಲುಗಾಟವನ್ನು ಅದು ಎಣಿಸುತ್ತದೆ.

ಅದು ಮನೆಗೆ ಬಂದದ್ದು ಹೇಗೆ ಅಂತ ಹೇಳಬೇಕು.

ಅಪ್ಪ ಸಿಟಿ ಬಸ್ಸಿನ ಡ್ರೈವರ್. ಹದಿನಾರು ವರ್ಷದಿಂದ ಒಂದೇ ರೂಟು, ಇಪ್ಪತ್ತೊಂಬತ್ತನೇ ನಂಬರ್. ಯಾವ ಸ್ಟಾಪಿನಲ್ಲಿ ಯಾವ ಅಜ್ಜಿ ಹತ್ತುತ್ತಾಳೆ, ಯಾವ ತಿರುವಿನಲ್ಲಿ ಯಾವ ನಾಯಿ ಅಡ್ಡ ಬರುತ್ತದೆ, ಎಲ್ಲವೂ ಬಾಯಿಪಾಠ. ಡ್ರೈವರುಗಳಿಗೆ ವರ್ಷಕ್ಕೊಮ್ಮೆ ಡಾಕ್ಟರ್ ತಪಾಸಣೆ ಇರುತ್ತದೆ. ಈ ಸಲ ಊಟವಾಗಿ ನಾಲ್ಕು ತಾಸಾದ ಮೇಲೆ ರಕ್ತ ತೆಗೆದರು. ತೆಗೆದದ್ದು ಬೇರೆ ಯಾರೂ ಅಲ್ಲ, ಪೀಪಿಯ ಚಿಕ್ಕಮ್ಮ. ಅವಳು ಆ ಲ್ಯಾಬಿನಲ್ಲೇ ಕೆಲಸ ಮಾಡುವುದು.

ರಕ್ತದ ಟ್ಯೂಬನ್ನು ಗಿರಗಿರ ತಿರುಗುವ ಯಂತ್ರದಲ್ಲಿಟ್ಟರೆ ಕೆಂಪೆಲ್ಲ ಕೆಳಗೆ ಕೂತು, ಮೇಲೆ ತಿಳಿ ಹಳದಿ ನೀರು ನಿಲ್ಲುತ್ತದೆ. ಅದರ ಹಿಂದೆ ಪೇಪರ್ ಹಿಡಿದರೆ ಅಕ್ಷರ ಕಾಣಬೇಕು. ಅಪ್ಪನ ಟ್ಯೂಬಿನಲ್ಲಿ ನಿಂತದ್ದು ಮಾತ್ರ ಹಾಲಿನಂತಿತ್ತು. ಅಕ್ಷರ ಹಾಗಿರಲಿ, ಹಿಂದೆ ಪೇಪರ್ ಇದೆಯೋ ಇಲ್ಲವೋ ಎಂದೇ ತಿಳಿಯುತ್ತಿರಲಿಲ್ಲ. "ಭಾವ, ನಾನು ಸೂಜಿ ಚುಚ್ಚಿದ್ದು ನಿಮ್ಮ ಕೈಗೋ, ಬೆಣ್ಣೆ ಡಬ್ಬಿಗೋ?" ಎಂದಿದ್ದಳಂತೆ ಚಿಕ್ಕಮ್ಮ.

ಡಾಕ್ಟರ್ ನಗಲಿಲ್ಲ. ರಕ್ತದಲ್ಲಿ ಇಷ್ಟು ಕೊಬ್ಬು ಓಡಾಡಿದರೆ ಹೃದಯಕ್ಕೆ ಒಳ್ಳೆಯದಲ್ಲ ಎಂದರು. ಆರು ವಾರ ಸಮಯ ಕೊಟ್ಟರು. ದಿನಾ ನಡೆಯಬೇಕು, ಬೆಣ್ಣೆ ಮತ್ತು ಕರಿದದ್ದಕ್ಕೆ ಕೈ ಬಿಗಿ ಹಿಡಿಯಬೇಕು. ಕೊಬ್ಬು ಇಳಿದರೆ ಸರಿ. ಇಳಿಯದಿದ್ದರೆ ಅಪ್ಪನೇ ಬಸ್ಸಿನಿಂದ ಇಳಿಯಬೇಕು. ಆರು ತಿಂಗಳು ಡಿಪೋದ ಕಳೆದ ಸಾಮಾನಿನ ಕೋಣೆಯಲ್ಲಿ ಕೂರಬೇಕು. ಅಲ್ಲಿ ಜನ ಬಸ್ಸಿನಲ್ಲಿ ಮರೆತು ಹೋದ ಛತ್ರಿ, ಒಂಟಿ ಚಪ್ಪಲಿ, ಮುಚ್ಚಳವಿಲ್ಲದ ಬಾಟಲಿಗಳನ್ನು ರಾಶಿ ಹಾಕಿರುತ್ತಾರೆ. ಕಿಟಕಿಯೂ ಇಲ್ಲ.

ಎಲ್ಲವನ್ನೂ ತಮಾಷೆ ಮಾಡುವ ಅಪ್ಪ ಅದೊಂದನ್ನು ಮಾತ್ರ ತಮಾಷೆ ಮಾಡಲಿಲ್ಲ. "ಸ್ಟೀರಿಂಗ್ ಇಲ್ಲದೆ ಈ ಕೈಗಳನ್ನ ಎಲ್ಲಿಟ್ಟುಕೊಳ್ಳಲಿ?" ಎಂದು ಕೇಳಿದ್ದ.

ಆಗ ಚಿಕ್ಕಮ್ಮ ತಂದುಕೊಟ್ಟದ್ದು ಈ ಕೌಂಟರ್. ನಾಲ್ಕು ವಾರ ಕಳೆದಿತ್ತು. ಡ್ಯೂಟಿ ಇದ್ದ ಒಂದು ದಿನವೂ ಹನ್ನೆರಡು ಸಾವಿರಕ್ಕಿಂತ ಕೆಳಗೆ ಬಂದಿರಲಿಲ್ಲ.

ಶಾಲೆಯಲ್ಲೂ ಅಪ್ಪನ ಹೆಜ್ಜೆಗಳದ್ದೇ ಸುದ್ದಿ. 'ನಮ್ಮ ದೇಹ' ಪ್ರಾಜೆಕ್ಟಿಗೆ ಪೀಪಿ ಆ ಸಂಖ್ಯೆಗಳನ್ನೇ ಹಸಿರು ಕಂಬಗಳಾಗಿ ಬರೆದು ದೊಡ್ಡ ಚಾರ್ಟು ಮಾಡಿದ್ದಳು. ಮಿಸ್ ಅದಕ್ಕೆ ಚಿನ್ನದ ಬಣ್ಣದ ನಕ್ಷತ್ರ ಅಂಟಿಸಿ ಗೋಡೆಗೆ ತೂಗುಹಾಕಿದ್ದರು. ಪ್ರತಿದಿನ ಒಂದೊಂದು ಕಂಬ ಸೇರಿಸುವಾಗ ಪೀಪಿಯ ಕತ್ತು ತಾನಾಗಿ ಉದ್ದವಾಗುತ್ತಿತ್ತು.

ಪಕ್ಕದಲ್ಲಿ ಕೂರುವ ಹುಡುಗನನ್ನು ಎಲ್ಲರೂ ಚಶ್ಮಾ ಎನ್ನುತ್ತಿದ್ದರು. ಶುಕ್ರವಾರ ಅವನು ಚಾರ್ಟನ್ನು ಬಹಳ ಹೊತ್ತು ನೋಡಿ ಕೇಳಿದ, "ನಿಮ್ಮಪ್ಪ ಬಸ್ ಓಡಿಸ್ತಾರೋ, ತಳ್ತಾರೋ?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಿನಗೆ ಹೊಟ್ಟೆಕಿಚ್ಚು ಎಂದು ಪೀಪಿ ತಿರುಗಿಸಿ ಕೊಟ್ಟಳು. ಆದರೆ ಆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಚುಚ್ಚುತ್ತಲೇ ಇತ್ತು. ಹೌದಲ್ಲ, ದಿನವಿಡೀ ಸೀಟಿನಲ್ಲಿ ಕೂರುವ ಅಪ್ಪ ನಡೆಯುವುದು ಯಾವಾಗ?

ಶನಿವಾರ ಅರ್ಧ ದಿನ ಶಾಲೆ. ಪೀಪಿ ಮಧ್ಯಾಹ್ನ ಇಪ್ಪತ್ತೊಂಬತ್ತನೇ ನಂಬರ್ ಹತ್ತಿ ಡ್ರೈವರ್ ಸೀಟಿನ ಹಿಂದೆಯೇ ಕೂತಳು. ಈವರೆಗೆ ಎಷ್ಟಾಗಿದೆ ನೋಡ್ತೀನಿ ಅಂತ ಅಪ್ಪನಿಂದ ಕೌಂಟರ್ ಇಸಿದುಕೊಂಡಳು. ಏಳು ಸಾವಿರದ ಇಪ್ಪತ್ತು ಎಂದು ತೋರಿಸುತ್ತಿತ್ತು.

ಬಸ್ಸು ಹೊರಟಿತು. ಮಾರ್ಕೆಟ್ ರಸ್ತೆ ಪೂರ್ತಿ ಗುಂಡಿ. ಬಸ್ಸು ಗಡಗಡ ಎಂದಿತು, ಪೀಪಿಯ ಹಲ್ಲು ಕಟಕಟ ಎಂದವು. ಅವಳ ಅಂಗೈಯೊಳಗಿನ ಸಂಖ್ಯೆ ಓಡತೊಡಗಿತು. ಏಳು ಸಾವಿರದ ಎಂಬತ್ತು. ಏಳು ಸಾವಿರದ ನೂರ ಮೂವತ್ತು. ಅವಳು ಕಾಲು ಕೂಡ ಅಲುಗಿಸಿರಲಿಲ್ಲ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು, ಸಂಖ್ಯೆಯೂ ನಿಂತಿತು. ರೈಲು ಹಳಿ ದಾಟುವಾಗ ಒಂದೇ ಉಸಿರಿಗೆ ಇಪ್ಪತ್ತು ಹಾರಿತು.

ಪೀಪಿ ಕೌಂಟರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಕೊನೆಯ ಸ್ಟಾಪಿನಲ್ಲಿ ಇಪ್ಪತ್ತೈದು ನಿಮಿಷ ವಿರಾಮ. ಕಂಡಕ್ಟರ್ ಮಾವ ಇಳಿದು ಮೈ ಮುರಿದ. ಅಪ್ಪ ಇಳಿಯಲಿಲ್ಲ. ಸ್ಟೀರಿಂಗ್ ಮೇಲೆ ಟವೆಲ್ ಹಾಸಿ ಅದನ್ನೇ ಟೇಬಲ್ ಮಾಡಿಕೊಂಡ. ಡಬ್ಬಿಯಿಂದ ಅಮ್ಮ ಹಾಕಿದ್ದ ಬೇಯಿಸಿದ ಕಾಳು, ಸೌತೆಕಾಯಿ ಬಂದವು. ಸೀಟಿನ ಕೆಳಗಿನಿಂದ ಅಮ್ಮ ಹಾಕದಿದ್ದ ಕರಿದ ಆಲೂಗಡ್ಡೆಯ ಪೊಟ್ಟಣವೂ ಬಂತು.

ಕೆಳಗಿಳಿದು ಒಂದು ಸುತ್ತು ಹಾಕೋಣವಾ ಎಂದು ಪೀಪಿ ಕೇಳಿದಳು. ಇವತ್ತಿನ ಕೋಟಾ ಆಗಲೇ ಅರ್ಧಕ್ಕಿಂತ ಜಾಸ್ತಿ ಆಗಿದೆ, ಕಾಲಿಗೂ ರೆಸ್ಟು ಬೇಡವಾ ಎಂದ ಅಪ್ಪ. ಆಲೂಗಡ್ಡೆ ಒಂದು ತುಂಡು ಅವಳ ಬಾಯಿಗೂ ಇಟ್ಟ.

ಈಗ ಪೀಪಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಅಪ್ಪನ ಮುಖ ಬಾಡುತ್ತದೆ, ಗೋಡೆಯ ನಕ್ಷತ್ರ ಹೋಗುತ್ತದೆ. ಹೇಳದಿದ್ದರೆ ಆ ಕಿಟಕಿಯಿಲ್ಲದ ಕೋಣೆ.

ಸೋಮವಾರ ಶಾಲೆ ಬಿಟ್ಟ ಮೇಲೆ ಸೀದಾ ಚಿಕ್ಕಮ್ಮನ ಲ್ಯಾಬಿಗೆ ಹೋದಳು. ನನ್ನ ಫ್ರೆಂಡಿನ ಅಪ್ಪ ಒಬ್ಬರಿದ್ದಾರೆ, ಅವರ ರಕ್ತದಲ್ಲಿ ಕೊಬ್ಬು ಜಾಸ್ತಿಯಂತೆ ಎಂದು ಶುರು ಮಾಡಿದಳು. ಚಿಕ್ಕಮ್ಮ ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸುತ್ತಾ, ಆ ಫ್ರೆಂಡಿನ ಅಪ್ಪನೂ ಬಸ್ ಓಡಿಸ್ತಾರಾ, ಅವರಿಗೂ ಪೊದೆ ಮೀಸೆ ಇದೆಯಾ ಎಂದು ಕೇಳಿದಳು. ಪೀಪಿ ಒಂದು ಚೀಟಿ ಬಿಡಿಸಿ ಅವಳ ಕೈಗೆ ಕೊಟ್ಟಳು. ನಡೆದರೆ ಕೊಬ್ಬು ಹೇಗೆ ಇಳಿಯುತ್ತೆ ಅಂತ ಮಾತ್ರ ಕೇಳಿದಳು.

"ಊಟದಲ್ಲಿರೋ ಕೊಬ್ಬನ್ನ ಪ್ಯಾಸೆಂಜರ್ ಅಂದ್ಕೋ," ಎಂದಳು ಚಿಕ್ಕಮ್ಮ. "ಊಟ ಆದಮೇಲೆ ಎಲ್ಲರೂ ರಕ್ತ ಅನ್ನೋ ಬಸ್ ಹತ್ತುತ್ತಾರೆ. ನಿನ್ನ ರಕ್ತಕ್ಕೂ ಹತ್ತುತ್ತಾರೆ, ನನ್ನದಕ್ಕೂ. ಕಾಲಿನ ಮಾಂಸಖಂಡ ಇದೆಯಲ್ಲ, ಅದು ದೊಡ್ಡ ಸ್ಟಾಪು. ಕಾಲು ಕೆಲಸ ಮಾಡ್ತಿದ್ರೆ ಅಲ್ಲಿ ಗೇಟ್ ತೆಗೆದಿರುತ್ತೆ, ಇಳ್ಕೊಂಡು ಹೋಗ್ತಾರೆ. ಕೂತೇ ಇದ್ರೆ ಗೇಟ್ ಮುಚ್ಚಿರುತ್ತೆ. ಇಳಿಯೋಕೆ ಜಾಗ ಇಲ್ಲದೆ ಸುತ್ತಿದ್ದೇ ಸುತ್ತಿದ್ದು. ಅಷ್ಟರಲ್ಲಿ ಇನ್ನೊಂದು ಬೆಣ್ಣೆ ಬನ್ನು ಹತ್ತಿತು ಅಂದ್ರೆ ನೂಕುನುಗ್ಗಲು."

"ಇನ್ನು ಹನ್ನೆರಡೇ ದಿನ ಇದ್ರೆ?"

ಹನ್ನೆರಡು ದಿನ ಕಡಿಮೆಯೇನಲ್ಲ ಎಂದಳು ಚಿಕ್ಕಮ್ಮ. ಇವತ್ತು ಸಂಜೆ ಚೆನ್ನಾಗಿ ನಡೆದರೆ ನಾಳೆಯ ಊಟಕ್ಕೂ ಆ ಗೇಟು ತೆಗೆದೇ ಇರುತ್ತದಂತೆ. ಆದರೆ ಮೂರು ದಿನ ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತದಂತೆ. ಕಾಲಿಗೆ ಮರೆವು ಜಾಸ್ತಿ.

"ನಡೆದ್ರೆ ಸಾಕು ಪೀಪಿ. ಎಣಿಸಿದ್ರೆ ಸಾಲದು."

ಚಿಕ್ಕಮ್ಮ ಅದನ್ನು ಸುಮ್ಮನೆ ಹೇಳಿದಳೋ, ತಿಳಿದೇ ಹೇಳಿದಳೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಪೀಪಿ ಬ್ಯಾಗು ಹೆಗಲಿಗೇರಿಸಿ ಓಡಿದಳು.

ಬಾಯಿಬಿಟ್ಟು ಹೇಳದೆಯೇ ಕೆಲಸ ಸಾಧಿಸಬೇಕು ಎಂದು ತೀರ್ಮಾನಿಸಿದಳು. ಅಂದು ಸಂಜೆ, ಲೈಬ್ರರಿಗೆ ನಡೆದುಕೊಂಡು ಹೋಗೋಣ ಬಾ ಎಂದು ಅಪ್ಪನನ್ನು ಕರೆದಳು. ನನ್ನದು ಹದಿಮೂರು ಸಾವಿರ ಆಯ್ತು, ನಿನ್ನಮ್ಮ ದಿನವಿಡೀ ಕೂತೇ ಇರ್ತಾಳೆ, ಅವಳನ್ನು ಕರ್ಕೊಂಡು ಹೋಗು ಎಂದ ಅಪ್ಪ. ಬಟ್ಟೆ ಒಗೆದು, ನೆಲ ಒರೆಸಿ, ಆಗಷ್ಟೇ ಒಲೆ ಹಚ್ಚುತ್ತಿದ್ದ ಅಮ್ಮ ಅವನನ್ನೊಮ್ಮೆ ನೋಡಿದಳು. ಆ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಎದ್ದು ಓಡುತ್ತಿದ್ದರು.

ಮಂಗಳವಾರ ಬೆಣ್ಣೆ ಡಬ್ಬಿಯನ್ನು ಎಲೆಕೋಸಿನ ಹಿಂದೆ ಬಚ್ಚಿಟ್ಟಳು. ಬೆಣ್ಣೆಯ ವಿಷಯದಲ್ಲಿ ಅಪ್ಪನ ಮೂಗು ಬೆಕ್ಕಿನದು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಬುಧವಾರ ಸಂಜೆ ಅಪ್ಪ ಮನೆ ಮೆಟ್ಟಿಲ ಮೇಲೆ ಕೂತು ಬಿಸಿನೀರಿನ ಬಕೆಟಿನಲ್ಲಿ ಕಾಲು ಇಳಿಬಿಟ್ಟಿದ್ದ. ನಡೆದೂ ನಡೆದೂ ಪಾದ ನೋಯುತ್ತಿದೆಯಂತೆ. ಒಳಗಿನಿಂದ ಅಮ್ಮ, ಪಾಪ, ಆ ಪಾದಗಳಿಗೆ ಸನ್ಮಾನ ಮಾಡೋಣ, ಶಾಲು ತರಲಾ ಎಂದಳು.

ಅಪ್ಪ ಕೌಂಟರನ್ನು ಪೀಪಿಯ ಕಡೆ ಚಾಚಿದ. ಅವಳು ಓದಲಿಲ್ಲ. ಸಂಖ್ಯೆ ಕಾಣುವ ಅದರ ಪುಟ್ಟ ಕಿಟಕಿಯನ್ನು ಬೆರಳಿನಿಂದ ಮುಚ್ಚಿ ಹಿಡಿದಳು.

"ಅಪ್ಪ, ಇದು ನೀನು ನಡೆದದ್ದಲ್ಲ. ಬಸ್ಸು ನಡೆದದ್ದು."

ಅಪ್ಪ ನಗಲು ಬಾಯಿ ತೆರೆದ. ಆದರೆ ನಗು ಬರಲಿಲ್ಲ. ಪೀಪಿ ಶನಿವಾರದ್ದೆಲ್ಲ ಹೇಳಿದಳು. ಮಾರ್ಕೆಟ್ ರಸ್ತೆ, ಸಿಗ್ನಲ್ಲು, ರೈಲು ಹಳಿ. "ನೀನು ಆ ಛತ್ರಿ ಕೋಣೆಗೆ ಹೋಗಬಾರದು. ಅಷ್ಟೇ."

ಅಪ್ಪ ಬಕೆಟಿನೊಳಗಿನ ತನ್ನ ಪಾದಗಳನ್ನೇ ನೋಡುತ್ತಾ ಕೂತ. ಆಮೇಲೆ ಕಾಲು ಒರೆಸಿಕೊಂಡು ಒಳಗೆ ಹೋದ. ಊಟದ ಹೊತ್ತಿನಲ್ಲಿ ಫ್ರಿಜ್ಜಿನ ಬಾಗಿಲು ತೆರೆಯಲಿಲ್ಲ. ಅಮ್ಮ ಕೂಡ ಅಂದು ಚುಚ್ಚಿ ಮಾತಾಡಲಿಲ್ಲ, ಪೀಪಿಯ ತಟ್ಟೆಗೆ ಇನ್ನೊಂದು ಸೌಟು ಬಡಿಸಿ ತಲೆ ಸವರಿದಳು. ಏನೋ ಒಡೆದುಹಾಕಿದೆ ಎಂದುಕೊಂಡು ಪೀಪಿ ಮಲಗಿದಳು.

ಮರುದಿನ ಅಪ್ಪ ಮನೆಗೆ ಬಂದದ್ದು ಮುಕ್ಕಾಲು ಗಂಟೆ ತಡವಾಗಿ. ಮುಖ ಕೆಂಪಾಗಿತ್ತು, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ದಿನಾ ಡಿಪೋದಿಂದ ಸ್ಟಾಫ್ ವ್ಯಾನಿನಲ್ಲಿ ಬರುತ್ತಿದ್ದವನು ಇಂದು ನಡೆದುಕೊಂಡೇ ಬಂದಿದ್ದ. ಬಾಗಿಲಲ್ಲೇ ಕೌಂಟರ್ ತೆಗೆದು ಕೊಟ್ಟ. ಬಸ್ಸಿನಲ್ಲಿದ್ದಷ್ಟು ಹೊತ್ತು ಅದನ್ನು ಡಿಪೋದ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದನಂತೆ.

"ಮೂರು ಸಾವಿರದ ಒಂಬೈನೂರ ನಲವತ್ತು," ಪೀಪಿ ಓದಿದಳು.

"ಮಧ್ಯಾಹ್ನ ಊಟ ಆದಮೇಲೆ ಬಸ್ಸಿನ ಸುತ್ತ ಹನ್ನೊಂದು ಸುತ್ತು ಹಾಕಿದೀನಿ, ಅದು ಇದರಲ್ಲಿ ಸೇರಿಲ್ಲ," ಎಂದ ಅಪ್ಪ, ಏದುಸಿರು ಬಿಡುತ್ತಾ. "ಬೇಕಾದ್ರೆ ಕಂಡಕ್ಟರ್ ಮಾವನ್ನ ಕೇಳು. ಏನು ಕಳೆದುಹೋಗಿದೆ, ನಾನೂ ಹುಡುಕ್ತೀನಿ ಅಂತ ಅವನೂ ಹಿಂದೆ ಬಂದ."

ಅಮ್ಮ ಅವನ ಬೂಟು ತೆಗೆದುಕೊಂಡು ತಿರುಗಿಸಿ ನೋಡಿದಳು. ಸ್ಟಿಕರ್ ಅರ್ಧ ಕಿತ್ತುಹೋಗಿತ್ತು.

ಶುಕ್ರವಾರ ಪೀಪಿ ಚಾರ್ಟಿನ ಮುಂದೆ ಹಸಿರು ಪೆನ್ಸಿಲ್ ಹಿಡಿದು ನಿಂತಳು. ಎತ್ತರದ ಕಂಬಗಳ ಸಾಲಿನ ಕೊನೆಗೆ ಒಂದು ಕುಳ್ಳ ಕಂಬ ಬರೆದಳು. ಆನೆಗಳ ಸಾಲಿನ ಹಿಂದೆ ನಿಂತ ಇಲಿಯ ಹಾಗೆ ಕಂಡಿತು. ಬಸ್ಸಿಗೆ ಟೈರ್ ಪಂಕ್ಚರ್ ಆಯ್ತಾ ಎಂದು ಚಶ್ಮಾ ಕೇಳಿದ. ಮಿಸ್ ಕೂಡ ಎದ್ದು ಬಂದು ನೋಡಿದರು. ಇದರಲ್ಲಿ ಎಲ್ಲೋ ತಪ್ಪಿದೆಯಲ್ಲ ಎಂದರು.

"ಹೌದು ಮಿಸ್. ದೊಡ್ಡವೆಲ್ಲ ತಪ್ಪು. ಚಿಕ್ಕದು ಸರಿ."

ಆಮೇಲೆ ಕೌಂಟರ್ ಎಣಿಸುವುದು ಅಲುಗಾಟವನ್ನು, ನಡಿಗೆಯನ್ನಲ್ಲ ಎಂದು ಎಲ್ಲರೆದುರು ವಿವರಿಸಿದಳು. ಕಿವಿ ಸುಡುತ್ತಿತ್ತು. ಹಳೆಯ ಕಂಬಗಳ ಮೇಲೆಲ್ಲ ಉದ್ದಕ್ಕೆ ಒಂದು ಗೆರೆ ಎಳೆದಳು. ನಕ್ಷತ್ರ ಕೀಳಲು ಕೈ ಹಾಕಿದಾಗ ಅದು ಗಟ್ಟಿಯಾಗಿ ಅಂಟಿಕೊಂಡಿತ್ತು. ಬಿಡು, ಚಾರ್ಟು ಹರಿಯುತ್ತೆ ಎಂದರು ಮಿಸ್. ಚಶ್ಮಾ ಮಾತ್ರ ಆ ದಿನವೆಲ್ಲ, ತನಗೆ ಮೊದಲೇ ಗೊತ್ತಿತ್ತು ಅಂತ ಹನ್ನೆರಡು ಜನರಿಗೆ ಹೇಳಿದ.

ಉಳಿದ ದಿನಗಳು ಬೇಗ ಓಡಿದವು. ಅಪ್ಪ ಡಿಪೋದಿಂದ ನಡೆದು ಬರುತ್ತಿದ್ದ, ಪೀಪಿ ಅರ್ಧ ದಾರಿಗೆ ಎದುರು ಹೋಗುತ್ತಿದ್ದಳು. ಬೆಣ್ಣೆ ಬನ್ನು ಭಾನುವಾರಕ್ಕೆ ಮಾತ್ರ, ಅದೂ ಅರ್ಧ. ಆ ಅರ್ಧವನ್ನು ಅಪ್ಪ ಎಷ್ಟು ನಿಧಾನವಾಗಿ ತಿಂದ ಎಂದರೆ, ತಿನ್ನುತ್ತಿದ್ದೀರೋ ಬೀಳ್ಕೊಡುತ್ತಿದ್ದೀರೋ ಎಂದು ಅಮ್ಮ ಕೇಳಿದಳು. ಬುಧವಾರ ಮಾತ್ರ ಬಾಯಿ ತಡೆಯಲಾರದೆ ಒಂದು ಪೊಟ್ಟಣ ಆಲೂಗಡ್ಡೆ ತಿಂದೆ ಎಂದು ತಾನೇ ಒಪ್ಪಿಕೊಂಡ. ಅಂದು ಸಂಜೆ ಯಾರೂ ಹೇಳದೆಯೇ ಎರಡು ಬೀದಿ ಹೆಚ್ಚು ನಡೆದ.

ಆರನೇ ವಾರದ ಶನಿವಾರ ಬಂತು. ಹಿಂದಿನ ಸಲದಷ್ಟೇ ಊಟ, ಹಿಂದಿನ ಸಲದಂತೆ ನಾಲ್ಕು ತಾಸಾದ ಮೇಲೆ ರಕ್ತ. ಯಂತ್ರ ಗಿರಗಿರ ತಿರುಗಿ ನಿಲ್ಲುವವರೆಗೆ ಅಪ್ಪ ಲ್ಯಾಬಿನ ಬೆಂಚಿನ ಮೇಲೆ ಕೂತು, ಇಲ್ಲದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಪೀಪಿ ಅದನ್ನು ನೋಡಿಯೂ ನೋಡದ ಹಾಗೆ ಇದ್ದಳು.

ಚಿಕ್ಕಮ್ಮ ಟ್ಯೂಬು ಹೊರತೆಗೆದು ಬೆಳಕಿಗೆ ಹಿಡಿದಳು. ಹಿಂದೆ ಪೇಪರ್ ಇಟ್ಟಳು. ತಿಳಿನೀರಿನ ಹಾಗೇನೂ ಇರಲಿಲ್ಲ. ಆದರೆ ಮಂಜಿನೊಳಗಿನಿಂದ ಬರುವ ಬಸ್ಸಿನ ಬೋರ್ಡಿನ ಹಾಗೆ, ದಪ್ಪ ಅಕ್ಷರಗಳು ಮಸುಕುಮಸುಕಾಗಿ ಕಂಡವು.

ಡಾಕ್ಟರ್ ಆಮೇಲೆ ರಿಪೋರ್ಟು ನೋಡಿ, ಪೂರ್ತಿ ಇಳಿದಿಲ್ಲ, ಆದರೆ ಇಳಿಯುವ ದಾರಿಯಲ್ಲಿದೆ ಎಂದರು. ಬಸ್ ಓಡಿಸಬಹುದು, ಮೂರು ತಿಂಗಳಿಗೆ ಮತ್ತೆ ಬರಬೇಕು. ಅಪ್ಪ ಅವರಿಗೆ ಎರಡು ಸಲ ಥ್ಯಾಂಕ್ಸ್ ಹೇಳಿ, ಹೊರಗೆ ಬಂದು, ಬಾಗಿಲಿಗೂ ಒಂದು ಸಲ ಹೇಳಿದ.

ಇಬ್ಬರೂ ನಡೆದೇ ಮನೆಗೆ ಹೊರಟರು. ಸಂಜೆಯಾಗುತ್ತಿತ್ತು, ಅಂಗಡಿಗಳ ಮುಂದೆ ನೀರು ಚಿಮುಕಿಸುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಅಪ್ಪ ಎದುರಿನ ರಸ್ತೆಯನ್ನೇ ನೋಡುತ್ತಾ ಹೇಳಿದ.

"ನನಗೂ ಗೊತ್ತಿತ್ತು ಕಣೇ."

"ಏನು?"

"ಸಿಗ್ನಲ್ಲಿನಲ್ಲಿ ನಾನು ನಿಂತ್ರೆ ಅದೂ ನಿಲ್ಲೋದು. ಎರಡನೇ ವಾರವೇ ನೋಡಿದ್ದೆ."

ಪೀಪಿ ನಡೆಯುತ್ತಿದ್ದವಳು ನಿಂತುಬಿಟ್ಟಳು. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಗೆ ಹೇಳಲಿ? ನಿನಗೆ ಆ ಚಾರ್ಟಿಗೆ ನಕ್ಷತ್ರ ಬೇರೆ ಕೊಟ್ಟುಬಿಟ್ಟಿದ್ರಲ್ಲ."

ಪೀಪಿ ಬೆನ್ನ ಹಿಂದೆ ಬೆರಳು ಮಡಚಿ ಎಣಿಸಿದಳು. ನಕ್ಷತ್ರ ಬಂದದ್ದು ಮೂರನೇ ವಾರ. ಅಪ್ಪನಿಗೆ ಗೊತ್ತಾದದ್ದು ಎರಡನೇ ವಾರ. ಹಾಗಾದರೆ ನಡುವಿನ ಒಂದು ವಾರ ಪೂರ್ತಿ ಅಪ್ಪ ಸುಮ್ಮನಿದ್ದದ್ದು ನಕ್ಷತ್ರಕ್ಕಲ್ಲ, ಬೆಣ್ಣೆ ಬನ್ನಿಗಾಗಿ.

ಕೇಳಿಯೇಬಿಡೋಣ ಎಂದು ಬಾಯಿ ತೆರೆದಳು. ಅಪ್ಪನ ಕಿವಿಯ ತುದಿ ಕೆಂಪಗಾಗಿರುವುದು ಕಂಡಿತು. ತಾನೂ ಶನಿವಾರದಿಂದ ಬುಧವಾರದವರೆಗೆ ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದು ನೆನಪಾಯಿತು. ಆ ನಾಲ್ಕು ದಿನದಲ್ಲಿ ಎಷ್ಟು ಅಪ್ಪನಿಗಾಗಿ, ಎಷ್ಟು ತನಗಾಗಿ ಎಂದು ಯಾರಾದರೂ ಕೇಳಿದರೆ ಅವಳಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ.

ಮಡಚಿದ ಬೆರಳುಗಳನ್ನು ಬಿಚ್ಚಿ ಅಪ್ಪನ ಕೈ ಹಿಡಿದುಕೊಂಡಳು.

"ಇವತ್ತು ನೀರಿನ ಟ್ಯಾಂಕಿನ ಕಡೆಯಿಂದ ಹೋಗೋಣ. ಸ್ವಲ್ಪ ಸುತ್ತು."

ಅಪ್ಪ ಹೂಂ ಎಂದ. ಇಬ್ಬರೂ ಆ ಕಡೆ ತಿರುಗಿದರು.